ಇಪ್ಪತ್ತೊಂಬತ್ತನೇ ದಿನದ ಕೆಂಪು

ಫೆಬ್ರವರಿ 3, ಸೋಮವಾರ

ಹದಿನಾರು ಸೀಸೆ. ಹದಿನಾರೂ ನೀರಿನಂತೆ ತಿಳಿಯಾಗಿ, ಬಲ್ಬುಗಳ ಮುಂದೆ ಸಾಲಾಗಿ ನಿಂತು ನನ್ನನ್ನು ಅಣಕಿಸುತ್ತಿವೆ. ಪಕ್ಕದ ಸಾಲಿನಲ್ಲಿ ಜೀನು ಕತ್ತರಿಸದೆ ಬಿಟ್ಟ ಅದೇ ಬ್ಯಾಕ್ಟೀರಿಯಾ ಮೂರೇ ದಿನಕ್ಕೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ.

ಪ್ರಯೋಗದ ಪುಸ್ತಕದಲ್ಲಿ ಸಿಟ್ಟು ಬರೆಯುವ ಹಾಗಿಲ್ಲ. ಅದಕ್ಕೇ ಈ ಹಳೆಯ ರಿಜಿಸ್ಟರಿನ ಹಿಂಬದಿಯ ಪುಟಗಳು. ಇದನ್ನು ಯಾರೂ ತಿದ್ದುವುದಿಲ್ಲ, ಯಾರೂ ಸಹಿ ಹಾಕುವುದಿಲ್ಲ.

ಇವತ್ತು ಕಚೇರಿಯಿಂದ ಪತ್ರ ಬಂತು. ನನ್ನ ಪಿಎಚ್.ಡಿ. ಅವಧಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಇನ್ನು ವಿಸ್ತರಣೆ ಇಲ್ಲ. ಅಷ್ಟರೊಳಗೆ ಮೊದಲ ಹೆಸರು ನನ್ನದಿರುವ ಒಂದು ಲೇಖನ ಯಾವುದಾದರೂ ಪತ್ರಿಕೆಯಲ್ಲಿ ಸ್ವೀಕಾರವಾಗಿರಬೇಕು. ಇಲ್ಲದಿದ್ದರೆ ಆರು ವರ್ಷಕ್ಕೆ ಎಳ್ಳುನೀರು ಬಿಟ್ಟು ಮನೆಗೆ ಹೋಗುವುದೇ. ಅಂಥ ಲೇಖನ ಒಂದಿತ್ತು. ಹದಿನಾಲ್ಕು ತಿಂಗಳು ಕೂತು ನಾನು ಮಾಡಿದ ಅಳತೆಗಳೆಲ್ಲ ಅಳಿಯನ ಹೆಸರಿನಲ್ಲಿ ಹೊರಬಂದವು. ಅವನು ಯಾರ ಅಳಿಯನೂ ಅಲ್ಲ. ನನ್ನ ಗೈಡ್ ಆಗಿರುವ ಸರ್, ಡಾಕ್ಟರೇಟ್ ಮುಗಿಸಿದ ತಮ್ಮ ಹಳೆಯ ಶಿಷ್ಯನನ್ನು ಲ್ಯಾಬಿನಲ್ಲೇ ಇಟ್ಟುಕೊಂಡು ಉಪಚರಿಸುವುದನ್ನು ನೋಡಿ ನಾನೂ ಸೀಸೆ ತೊಳೆಯುವ ಅಕ್ಕನೂ ಸೇರಿ ಇಟ್ಟ ಹೆಸರು ಅದು. ಅವತ್ತು ಸರ್ ಕನ್ನಡಕ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ, “ಮುಂದಿನ ಸಲ ನೋಡೋಣಮ್ಮ” ಅಂದಿದ್ದರು. ಸಾಯುವವರೆಗೂ ನಾನು ಆ ಮಾತು ಮರೆಯುವುದಿಲ್ಲ.

ಫೆಬ್ರವರಿ 5, ಬುಧವಾರ

ಈ ಲ್ಯಾಬಿನಲ್ಲಿ ನನ್ನ ಜೊತೆ ಮನುಷ್ಯರಂತೆ ಮಾತಾಡುವವರು ಅಕ್ಕ ಒಬ್ಬರೇ. ಗಾಜಿನ ಸಾಮಾನು ತೊಳೆಯುವುದು, ಒಣಗಿಸುವುದು, ಹಳೆಯ ಸೀಸೆಗಳನ್ನು ಕುದಿಸಿ ಖಾಲಿ ಮಾಡುವುದು ಅವರ ಕೆಲಸ. ಐವತ್ತು ದಾಟಿದೆ, ಪ್ರೊಫೆಸರರಿಂದ ಹಿಡಿದು ಎಲ್ಲರಿಗೂ ಅವರು ಅಕ್ಕ. ಹೋದ ವರ್ಷ ನನಗೆ ಜ್ವರ ಬಂದಾಗ ನಾಲ್ಕು ದಿನ ಬಿಸಿ ಊಟ ತಂದುಕೊಟ್ಟರು. ಅವತ್ತು ಫೋನಿನಲ್ಲಿ ಅವರ ಜೊತೆ ಮಾತಾಡಿದ ಅಮ್ಮ, ಈಗ ಪ್ರತಿ ಭಾನುವಾರ ನನ್ನನ್ನು ಕೇಳುವ ಮೊದಲು ಅವರನ್ನೇ ವಿಚಾರಿಸುತ್ತಾಳೆ.

ಸಂಜೆ ಚಹಾ ಕುಡಿಯುವಾಗ ಅಕ್ಕ ಸೀಸೆಗಳ ಕಡೆ ಗಲ್ಲ ಎತ್ತಿ ಕೇಳಿದರು: “ತಿನ್ನೋಕೆ ಕೊಟ್ಟಿದೀಯ, ಬೆಳಕೂ ಇದೆ. ಮತ್ಯಾಕೆ ಬೆಳೀತಿಲ್ಲ ಇದು?”

ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಇದುವರೆಗೆ ಯಾರೂ ಕೇಳಿರಲಿಲ್ಲ. ಹೇಳುತ್ತಾ ಕೂತೆ. ನಾವು ಉಣಿಸುವುದು ಹಳಸಿದ ಬೆಣ್ಣೆಯ ವಾಸನೆಯ ಬ್ಯುಟಿರಿಕ್ ಆಮ್ಲ. ಅದರಲ್ಲಿ ಎಲೆಕ್ಟ್ರಾನುಗಳು ಜಾಸ್ತಿ. ಮೈ ಕಟ್ಟಿಕೊಳ್ಳಲು ಬೇಕಾದಷ್ಟು ಬಳಸಿದ ಮೇಲೂ ಒಂದಷ್ಟು ಮಿಗುತ್ತವೆ. ಮಿಕ್ಕಿದ್ದನ್ನು ಇಟ್ಟುಕೊಂಡು ಕೂರುವಂತಿಲ್ಲ, ಯಾವುದಾದರೊಂದರ ಮೇಲೆ ಹೇರಲೇಬೇಕು. ಮಾಮೂಲಾಗಿ ಇಂಗಾಲದ ಡೈಆಕ್ಸೈಡಿನ ಮೇಲೆ ಹೇರುತ್ತದೆ. ಗಿಡ ಅದನ್ನು ಹಿಡಿಯುವುದು ಊಟಕ್ಕಾಗಿ, ಇದು ಹಿಡಿಯುವುದು ಹೊರೆ ಇಳಿಸಲಿಕ್ಕೆ. ಹಾಗೆ ಹಿಡಿಯುವ ಜೀನನ್ನೇ ನಾನು ಕತ್ತರಿಸಿ ತೆಗೆದಿದ್ದೇನೆ. ಈಗ ಊಟವಿದೆ, ಬೆಳಕಿನ ಶಕ್ತಿಯೂ ಇದೆ, ಆದರೆ ಒಳಗೆ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಎಲ್ಲ ಕೆಲಸವೂ ನಿಂತುಹೋಗಿದೆ.

“ಅಂದ್ರೆ ಹೊಟ್ಟೆ ತುಂಬಿ ಉಸಿರು ಕಟ್ಟಿದೆ ಅನ್ನು,” ಎಂದರು ಅಕ್ಕ. ಚಹಾ ಮುಗಿಸಿ, “ಬೇರೆ ದಾರಿ ಹುಡುಕ್ಕೊಳ್ಳಲ್ವಾ?” ಎಂದು ಕೇಳಿದರು. ಹುಡುಕಬಹುದು, ಆದರೆ ನಮ್ಮಲ್ಲಿ ಅದಕ್ಕೆ ಹತ್ತೇ ದಿನದ ಅವಕಾಶ ಎಂದೆ. ಹತ್ತನೇ ದಿನಕ್ಕೂ ಕೆಂಪಾಗದ ಸೀಸೆಯನ್ನು ‘ಬೆಳವಣಿಗೆ ಇಲ್ಲ’ ಎಂದು ಬರೆದು ತೊಳೆಯಲು ಕಳಿಸಬೇಕು ಎಂದು ಸರ್ ಗೋಡೆಗೆ ಚೀಟಿ ಅಂಟಿಸಿದ್ದಾರೆ. ಜಾಗ ಸಾಲುವುದಿಲ್ಲವಂತೆ. ಅಳಿಯನ ಮೇಜು ಮಾತ್ರ ಮೂರಾಳು ಮಲಗುವಷ್ಟಿದೆ.

ಫೆಬ್ರವರಿ 10, ಸೋಮವಾರ

ಹತ್ತನೇ ದಿನ. ಬೆಳವಣಿಗೆ ಇಲ್ಲ, ಹದಿನಾರು ಸಲ ಬರೆದೆ. ತೊಳೆಯಿರಿ ಅಕ್ಕ ಎಂದೆ. ಊಟ ಸೇರಲಿಲ್ಲ.

ಮಾರ್ಚ್ 3, ಸೋಮವಾರ

ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಸರ್ ನನ್ನ ನೀರಿಳಿಸಿದರು. ಆರು ವರ್ಷದಲ್ಲಿ ನಾನು ಬೆಳೆಸಿದ್ದು ತಿಳಿನೀರು ಮಾತ್ರವಂತೆ. ಅಳಿಯ ನಕ್ಕ, ನಕ್ಕು ಕೆಮ್ಮಿದಂತೆ ಮಾಡಿದ. ಸರ್‌ಗೆ ತಮ್ಮ ಮೇಲಿನವರಿಂದ ಏನೋ ಒತ್ತಡವಿರಬೇಕು, ಅದನ್ನೆಲ್ಲ ತಂದು ನನ್ನ ತಲೆಗೆ ಕಟ್ಟುತ್ತಾರೆ. ನಾನೇನು ಅವರ ಇಂಗಾಲದ ಡೈಆಕ್ಸೈಡೇ?

ಹೊರಗೆ ಬರುವಾಗ ಅಕ್ಕ ಬಾಗಿಲಲ್ಲಿ ನಿಂತು ಏನೋ ಹೇಳಬೇಕು ಎಂದರು. ಈಗ ಬೇಡ ಅಕ್ಕ ಎಂದು ಗದರಿಬಿಟ್ಟೆ. ಪಾಪ, ಸುಮ್ಮನೆ ಹೋದರು. ಅವರ ಮೇಲೆ ಯಾಕೆ ರೇಗಿದೆನೋ, ನಾಚಿಕೆಯಾಗುತ್ತಿದೆ.

ಮಾರ್ಚ್ 10, ಸೋಮವಾರ

ಇದನ್ನು ಇವತ್ತೇ ಬರೆದಿಡಬೇಕು.

ಅಕ್ಕ ನನ್ನನ್ನು ಬಲ್ಬುಗಳ ಸ್ಟ್ಯಾಂಡಿನ ಹಿಂದೆ, ಗೋಡೆಗೂ ಅದಕ್ಕೂ ನಡುವಿನ ಸಂದಿಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕು ಸೀಸೆಗಳಿದ್ದವು. ಮೂರು ತಿಳಿ, ಒಂದು ಕೆಂಪು. ಚೀಟಿಯ ಮೇಲೆ ನನ್ನದೇ ಅಕ್ಷರ: ಜನವರಿ 31. ಲೆಕ್ಕ ಹಾಕಿದರೆ ಮೂವತ್ತೆಂಟು ದಿನ.

“ಹದಿನಾರರಲ್ಲಿ ನಾಲ್ಕು ಇಟ್ಕೊಂಡೆ,” ಎಂದರು ಅಕ್ಕ, ತಪ್ಪು ಮಾಡಿದವರ ಹಾಗೆ. “ದಾರಿ ಹುಡುಕಬಹುದು, ಆದ್ರೆ ಟೈಮಿಲ್ಲ ಅಂದಿದ್ದೆಯಲ್ಲ. ಟೈಮ್ ಕೊಟ್ರೆ ಏನಾಗುತ್ತೆ ನೋಡೋಣ ಅನ್ನಿಸ್ತು.”

ಆರು ವರ್ಷದಲ್ಲಿ ನನಗೆ ಹೊಳೆಯದ ಪ್ರಯೋಗ ಅದು. ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿದೆ. ನಾನು ಎಳೆಯುವ ಮೊದಲೇ ಸಿರಿಂಜಿನ ಹಿಡಿ ತಾನಾಗಿ ಮೇಲೇರಿತು. ಒಳಗೆ ಅಷ್ಟು ಅನಿಲ. ಅಕ್ಕನನ್ನು ತಬ್ಬಿಕೊಂಡೆ. ಅವರ ಮೈಯಿಂದ ಸೋಪಿನ ಪುಡಿಯ ವಾಸನೆ ಬರುತ್ತಿತ್ತು. ಏನೇ ಆಗಲಿ, ಲೇಖನದಲ್ಲಿ ನಿಮ್ಮ ಹೆಸರು ಬಂದೇ ಬರುತ್ತದೆ ಎಂದೆ. ಹುಚ್ಚಿ ಎಂದು ನಕ್ಕರು.

ಮಾರ್ಚ್ 14, ಶುಕ್ರವಾರ

ಎಲ್ಲಿಂದಲೋ ಮಾಮೂಲು ಬ್ಯಾಕ್ಟೀರಿಯಾ ಬಂದು ಸೇರಿಕೊಂಡಿದ್ದರೆ ಎಂಬ ಹೆದರಿಕೆಯಲ್ಲಿ ನಾಲ್ಕು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಇಲ್ಲ. ಕತ್ತರಿಸಿದ ಜೀನ್ ಕತ್ತರಿಸಿದಂತೆಯೇ ಇದೆ. ಅನಿಲ ಹೈಡ್ರೋಜನ್.

ಗಾಳಿಯ ಸಾರಜನಕ ಹಿಡಿಯಲೆಂದು ಇದರೊಳಗೊಂದು ಕಿಣ್ವವಿದೆ. ಆಹಾರದಲ್ಲಿ ಅಮೋನಿಯಾ ಇರುವವರೆಗೂ ಅದಕ್ಕೆ ಕೆಲಸವಿಲ್ಲ, ಬಾಗಿಲು ಹಾಕಿಕೊಂಡಿರುತ್ತದೆ. ನಮ್ಮ ಕೆಂಪು ಸೀಸೆಯಲ್ಲಿ ಆ ಬಾಗಿಲಿನ ಚಿಲಕವೇ ಮುರಿದಿದೆ. ಮಿಕ್ಕ ಎಲೆಕ್ಟ್ರಾನುಗಳನ್ನೆಲ್ಲ ಆ ದಾರಿಯಲ್ಲಿ ಹೈಡ್ರೋಜನ್ ಮಾಡಿ ಹೊರಗೆ ಉಗುಳುತ್ತಿದೆ. ಇದರ ದಾಯಾದಿ ಜಾತಿಗಳಲ್ಲಿ ಇಂಥದ್ದನ್ನು ಬೇರೆಯವರು ಕಂಡಿದ್ದಾರೆ. ನಮ್ಮದರಲ್ಲಿ, ಈ ಆಮ್ಲದ ಮೇಲೆ, ಯಾರೂ ಕಂಡಿಲ್ಲ. ಒಂದು ಲೇಖನಕ್ಕೆ ಅಷ್ಟು ಸಾಕು.

ಮಾರ್ಚ್ 17, ಸೋಮವಾರ

ಸರ್‌ಗೆ ತೋರಿಸಿದೆ. ಕುರ್ಚಿಯಿಂದ ಎದ್ದೇಬಿಟ್ಟರು. ಹತ್ತು ದಿನದ ಮೇಲೆ ಯಾರು ಇಟ್ಟಿದ್ದು ಎಂದು ಕೇಳಿದಾಗ, ಅಕ್ಕನ ಮೇಲೆ ರೇಗಿಯಾರು ಎಂದು “ನಾನೇ” ಎಂದೆ. ಅವರನ್ನು ಕಾಪಾಡಿದಂತೆಯೂ ಆಯಿತು. ಆಮೇಲೆ ಸರ್, ಅಳಿಯನೂ ಇದರ ಮೇಲೆ ಸ್ವಲ್ಪ ಕಣ್ಣಾಡಿಸಲಿ, ಹೆಸರುಗಳ ಮಾತು ಕೊನೆಗೆ ಎಂದರು. ಆ ಕಣ್ಣಾಡಿಸುವಿಕೆ ಎಲ್ಲಿಗೆ ಮುಟ್ಟುತ್ತದೆ ಎಂದು ನನಗೆ ಗೊತ್ತಿಲ್ಲವೇ? ಈ ಸಲ ಬಿಟ್ಟುಕೊಟ್ಟರೆ ನಾನು ಮನುಷ್ಯಳೇ ಅಲ್ಲ.

ಏಪ್ರಿಲ್ 9, ಬುಧವಾರ

ಈಗ ಒಂದು ಲೀಟರಿನ ಸೀಸೆಗಳಲ್ಲಿ ಬೆಳೆಸುತ್ತಿದ್ದೇನೆ. ಎರಡು ದಿನಕ್ಕೊಮ್ಮೆ ಸೂಜಿ ಚುಚ್ಚಿ ಅನಿಲ ಬಿಡಬೇಕು ಎಂಬುದು ನಿಯಮ. ಹಾಗೆ ಬಿಟ್ಟು ಬಿಟ್ಟು ಅಳೆದರೆ ಪ್ರತಿ ಸಲ ಒಂದಿಷ್ಟು ಸೋರಿ ಅಂಕಿ ಕೆಡುತ್ತದೆ. ಎಲ್ಲವನ್ನೂ ಒಟ್ಟಿಗೆ ಕೊನೆಯಲ್ಲಿ ಅಳೆದರೆ ಒಂದೇ ದೊಡ್ಡ ಅಂಕಿ ಸಿಗುತ್ತದೆ. ಅದರ ಮುಂದೆ ಅಳಿಯನ ಬಾಯಿ ಮುಚ್ಚುತ್ತದೆ. ಆರು ದಿನದಿಂದ ಬಿಟ್ಟಿಲ್ಲ.

ಬೆಳಿಗ್ಗೆ ಅಕ್ಕ ಬಂದು, ಮೂರನೇ ಸೀಸೆಯ ರಬ್ಬರ್ ಉಬ್ಬಿದೆ ಕಣಮ್ಮ, ಮುಚ್ಚಳ ಕಟ್ಟಿದ ತಂತಿ ಬಿಗಿದುಕೊಂಡಿದೆ, ಗಾಜಿನಲ್ಲೂ ಹಳೆಯ ಗೀರಿದೆ ಎಂದರು. ತೊಳೆಯುವವರಿಗೆ ಗೀರು ಗೊತ್ತಾಗುತ್ತದೆಯಂತೆ. ಇನ್ನೆರಡು ದಿನ ಎಂದೆ. ಎಲ್ಲದಕ್ಕೂ ಮೂಗು ತೂರಿಸುವ ಅಭ್ಯಾಸ ಅವರಿಗೆ ಈಚೆಗೆ ಜಾಸ್ತಿಯಾಗಿದೆ.

ಏಪ್ರಿಲ್ 11, ಶುಕ್ರವಾರ

ಮೂರನೇ ಸೀಸೆ ಸಿಡಿಯಿತು. ಬೆಳಿಗ್ಗೆ ಎಂಟೂವರೆಗೆ, ಅಕ್ಕ ಸ್ಟ್ಯಾಂಡ್ ಒರೆಸುತ್ತಿದ್ದಾಗ. ಎಡ ಮುಂಗೈಗೆ ಏಳು ಹೊಲಿಗೆ. ನೆಲದ ಮೇಲೆ ಕೆಂಪು ನೀರು ಎಲ್ಲಿಯವರೆಗೆ, ರಕ್ತ ಎಲ್ಲಿಂದ ಎಂದು ಗೊತ್ತಾಗುತ್ತಿರಲಿಲ್ಲ. ನಾನು ಹೇಳಿದ್ದೆನಲ್ಲ ಎಂದು ಅಕ್ಕ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಇವತ್ತಿನ ಈ ಪಾಪ ನನ್ನದು.

ಏಪ್ರಿಲ್ 15, ಮಂಗಳವಾರ

ಸುರಕ್ಷತಾ ಸಮಿತಿಯವರು ಬರವಣಿಗೆಯಲ್ಲಿ ವಿವರಣೆ ಕೇಳಿದ್ದಾರೆ. ಸರ್ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ವಿದ್ಯಾರ್ಥಿಯ ಅಜಾಗರೂಕತೆ ಎಂದು ಸಾಬೀತಾದರೆ ಆರು ತಿಂಗಳು ಲ್ಯಾಬಿಗೆ ಕಾಲಿಡುವಂತಿಲ್ಲ; ನನ್ನ ಸೆಪ್ಟೆಂಬರ್ ಅಲ್ಲಿಗೇ ಮುಗಿಯಿತು. ಅವರ ಅನುದಾನಕ್ಕೂ ಪೆಟ್ಟು. ಯೋಚನೆ ಮಾಡಿ ಬರಿ ಎಂದರು.

ಮೂರು ಗಂಟೆ ಕೂತು ಬರೆದೆ. ಹತ್ತು ದಿನ ದಾಟಿದ ಸೀಸೆಗಳನ್ನು ತೆರವು ಮಾಡುವ ಹೊಣೆ ತೊಳೆಯುವ ವಿಭಾಗದ್ದು. ಆ ವಿಭಾಗದವರು ಅನುಮತಿಯಿಲ್ಲದೆ ಸೀಸೆಗಳನ್ನು ಸ್ಟ್ಯಾಂಡಿನ ಹಿಂದೆ ಇಟ್ಟುಕೊಳ್ಳುತ್ತಿದ್ದುದು ಹಿಂದೆಯೂ ಕಂಡುಬಂದಿದೆ. ಸಿಡಿದ ಸಮಯದಲ್ಲಿ ಸೀಸೆಯ ಬಳಿ ಅವರೇ ಇದ್ದರು. ಇಷ್ಟರಲ್ಲಿ ಒಂದಾದರೂ ಸುಳ್ಳಿದೆಯೇ? ಎರಡು ಸಲ ಓದಿಕೊಂಡೆ, ಇಲ್ಲ.

ಸರ್ ಓದಿ, ಸೀಸೆ ಇಟ್ಟಿದ್ದು ನೀನೇ ಅಂದಿದ್ದೆಯಲ್ಲ ಎಂದು ನನ್ನನ್ನು ನೋಡಿದರು. ನಾನು ಸಹಿ ಹಾಕಲು ಪೆನ್ನು ತೆಗೆದೆ. ಕಾಗದ ಮಡಿಸಿ ಇಟ್ಟುಕೊಂಡು, “ಇರಲಿ. ಮೊದಲ ಹೆಸರು ನಿಂದೇ ಹಾಕೋಣ,” ಎಂದರು. ಆರು ವರ್ಷದಲ್ಲಿ ಮೊದಲ ಬಾರಿಗೆ ಅವರು ನನ್ನ ಮುಖ ನೋಡಿ ಮಾತಾಡಿದ್ದು.

ಏಪ್ರಿಲ್ 28, ಸೋಮವಾರ

ಅಕ್ಕನನ್ನು ನಮ್ಮ ಸಂಸ್ಥೆಯ ಆಸ್ಪತ್ರೆಯ ಲಾಂಡ್ರಿಗೆ ಹಾಕಿದ್ದಾರೆ. ಅಲ್ಲೂ ತೊಳೆಯುವ ಕೆಲಸವೇ, ಅಂಥ ತೊಂದರೆಯೇನಿಲ್ಲ. ಗಾಜಿಗಿಂತ ಬಟ್ಟೆ ಒಳ್ಳೆಯದು, ಕೈಗೆ ಪೆಟ್ಟಾಗುವುದಿಲ್ಲ. ಹೋಗುವ ಮೊದಲು ನನ್ನ ಮೇಜಿನ ತನಕ ಬಂದಳಂತೆ, ನಾನು ಊಟಕ್ಕೆ ಹೋಗಿದ್ದೆ. ಹೊಸದಾಗಿ ಬಂದವಳು ಚುರುಕಾಗಿದ್ದಾಳೆ, ಪ್ರಶ್ನೆ ಕೇಳುವುದಿಲ್ಲ.

ಅಳಿಯನ ಮುಖ ಹರಳೆಣ್ಣೆ ಕುಡಿದವನಂತಾಗಿದೆ. ನೋಡಿದರೆ ಖುಷಿಯಾಗುತ್ತದೆ.

ಜೂನ್ 20, ಶುಕ್ರವಾರ

ಲೇಖನ ಕಳಿಸಿದೆವು. ಮೊದಲ ಹೆಸರು ನನ್ನದು.

ಜುಲೈ 30, ಬುಧವಾರ

ಪರಿಶೀಲಕರ ಅಭಿಪ್ರಾಯ ಬಂದಿದೆ. ಇಬ್ಬರಿಗೂ ಇಷ್ಟವಾಗಿದೆ, ಸಣ್ಣಪುಟ್ಟ ತಿದ್ದುಪಡಿ. ಎರಡನೆಯವರದು ಒಂದು ಪ್ರಶ್ನೆ ಮಾತ್ರ ಗಂಟಲಿಗೆ ಸಿಕ್ಕಿಕೊಂಡಿದೆ: ಮೊದಲ ಸೀಸೆಯಲ್ಲಿ ಬಣ್ಣ ಕಾಣಿಸಿಕೊಂಡದ್ದು ಎಷ್ಟನೇ ದಿನ? ಮೂವತ್ತೆಂಟನೆಯ ದಿನ ಕೆಂಪಾಗಿತ್ತು ಎಂದಷ್ಟೇ ಬರೆದಿದ್ದೀರಿ, ದಿನದಿನದ ದಾಖಲೆ ಇದ್ದರೆ ಕೊಡಿ. ಉತ್ತರಕ್ಕೆ ಎರಡು ವಾರ.

ದಾಖಲೆ ಎಲ್ಲಿಂದ ತರಲಿ? ನೋಡಿದವಳು ಆ ಹೆಂಗಸು.

ಆಗಸ್ಟ್ 2, ಶನಿವಾರ

ಲಾಂಡ್ರಿಗೆ ಹೋಗಿ ಬಂದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಲಾರಿಯಷ್ಟು ದೊಡ್ಡ ಯಂತ್ರಗಳು, ಎಲ್ಲೆಲ್ಲೂ ಹಬೆ. ಬಿಳಿ ಹೊದಿಕೆಗಳನ್ನು ಮಡಿಸುತ್ತಿದ್ದಳು. ಎಡಗೈಯ ಎರಡು ಬೆರಳು ಮಡಚುವುದಿಲ್ಲವೆಂದು ಕಾಣುತ್ತದೆ, ಬಲಗೈಯಲ್ಲೇ ಎಳೆದು ಗಲ್ಲದ ಕೆಳಗೆ ಒತ್ತಿ ಹಿಡಿಯುತ್ತಿದ್ದಳು. ನನ್ನನ್ನು ನೋಡಿ, “ಚೆನ್ನಾಗಿದೀರಾ ಮೇಡಂ? ಅಮ್ಮ ಆರಾಮಾ?” ಎಂದಳು. ಮೊದಲು ನೀನು, ಕಣಮ್ಮ ಎನ್ನುತ್ತಿದ್ದವಳು. ಒಳ್ಳೆಯದೇ, ಕೆಲಸದ ಜಾಗದಲ್ಲಿ ಮರ್ಯಾದೆ ಇರಬೇಕು.

ಕೇಳಿದ್ದಕ್ಕೆ ಒಂದು ಕ್ಷಣವೂ ಯೋಚಿಸಲಿಲ್ಲ. “ಇಪ್ಪತ್ತೊಂಬತ್ತನೇ ದಿನ. ಶನಿವಾರ, ಬೇರೆ ಯಾರೂ ಬಂದಿರಲಿಲ್ಲ. ತಳದಲ್ಲಿ ಕೆಂಪು ಬಂತು, ಸಂಜೆ ಹೊತ್ತಿಗೆ ಮೇಲಕ್ಕೂ ಹಬ್ಬಿತು. ಸೋಮವಾರ ಹೇಳೋಕೆ ಬಂದಿದ್ದೆ, ನಿಮಗೆ ಪುರುಸೊತ್ತಿರಲಿಲ್ಲ. ಆಮೇಲೆ ಇನ್ನೊಂದು ವಾರ ನೋಡಿ, ಗಟ್ಟಿಯಾದ ಮೇಲೆ ಹೇಳೋಣ ಅಂದ್ಕೊಂಡೆ. ಗೋಡೆ ಮೇಲೆ ಗೀಟು ಹಾಕಿದೀನಿ, ನೋಡ್ಕೊಳ್ಳಿ.”

ಎದ್ದು ಹೊರಟಾಗ ಬಾಗಿಲ ತನಕ ಬಂದಳು. ಹೊದಿಕೆಯ ಅಂಚನ್ನು ತೀಡುತ್ತಾ, “ಒಂದು ಕೇಳ್ಲಾ ಮೇಡಂ? ಅದರಲ್ಲಿ ನನ್ನ ಹೆಸರು ಬರುತ್ತಾ? ಮೊಮ್ಮಗಳಿಗೆ ತೋರಿಸೋಣ ಅಂತ, ಅಷ್ಟೆ,” ಎಂದಳು.

ಹಬೆಯಿಂದ ನನ್ನ ಕನ್ನಡಕ ಮಂಜಾಗಿತ್ತು. ತೆಗೆದು ಒರೆಸಿಕೊಳ್ಳುತ್ತಾ, ಮುಂದಿನ ಸಲ ನೋಡೋಣಮ್ಮ ಎಂದೆ. ಬೇರೇನು ಹೇಳುವುದು? ಸಮಿತಿಗೆ ಒಂದು ಬರೆದು, ಪತ್ರಿಕೆಯಲ್ಲಿ ಇನ್ನೊಂದು ಅಚ್ಚು ಹಾಕಿಸಲಾಗುತ್ತದೆಯೇ? ಯಾರಾದರೊಬ್ಬರು ಹೊರಬೇಕಾಗುತ್ತದೆ, ಪ್ರಪಂಚ ನಡೆಯುವುದೇ ಹಾಗೆ.

ಆಗಸ್ಟ್ 4, ಸೋಮವಾರ

ಓದುಬರಹ ಅಷ್ಟಕ್ಕಷ್ಟೇ ಇರುವವಳ ಮಾತು ನಂಬಿ ಅಂಕಿ ಬರೆಯಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಸ್ಟ್ಯಾಂಡನ್ನು ಮುಂದಕ್ಕೆ ಎಳೆದೆ. ಗೋಡೆಯ ಮೇಲೆ ಪೆನ್ಸಿಲಿನ ಗೀಟುಗಳಿದ್ದವು, ಐದೈದರ ಗುಂಪು. ಮೂವತ್ತೆಂಟು. ಇಪ್ಪತ್ತೊಂಬತ್ತನೆಯದರ ಸುತ್ತ ಒಂದು ಸೊನ್ನೆ. ಕೆಳಗೆ ನಾಲ್ಕು ಪುಟ್ಟ ಸೀಸೆಗಳ ಚಿತ್ರ, ಅದರಲ್ಲೊಂದನ್ನು ಪೆನ್ಸಿಲಿನಿಂದ ಉಜ್ಜಿ ಉಜ್ಜಿ ಕಪ್ಪು ಮಾಡಲಾಗಿತ್ತು. ಭಾನುವಾರಗಳನ್ನೂ ಬಿಟ್ಟಿಲ್ಲ. ರಜೆಯ ದಿನವೂ ಬಂದು ನೋಡಿ ಹೋಗಿದ್ದಾಳೆ.

ಎಲ್ಲವನ್ನೂ ನನ್ನ ಪ್ರಯೋಗದ ಪುಸ್ತಕದಲ್ಲಿ ಜನವರಿ 31ರ ಪುಟದ ಖಾಲಿ ಜಾಗಕ್ಕೆ ನನ್ನ ಕೈಯಲ್ಲಿ ಬರೆದುಕೊಂಡೆ. ಹದಿನಾರರಲ್ಲಿ ನಾಲ್ಕು ಸೀಸೆ, ದಿನದಿನದ ವೀಕ್ಷಣೆ, ಬಣ್ಣ ಇಪ್ಪತ್ತೊಂಬತ್ತನೇ ದಿನ. ಬರೆದ ಮೇಲೆ ಬಹಳ ಅಚ್ಚುಕಟ್ಟಾಗಿ ಕಾಣಿಸಿತು. ಆಮೇಲೆ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದೆ. ಸಮಿತಿಯವರು ಮತ್ತೆ ಬಂದರೆ ಗೋಡೆ ಗೀಚಿದ್ದನ್ನು ನೋಡಿ ಏನೆಂದುಕೊಂಡಾರು? ಪೆನ್ಸಿಲ್ ಬೇಗ ಹೋಯಿತು. ಆ ಕಪ್ಪು ಮಾಡಿದ ಸೀಸೆಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಆಗಸ್ಟ್ 29, ಶುಕ್ರವಾರ

ಸ್ವೀಕಾರವಾಯಿತು. ಸರ್ ಎಲ್ಲರಿಗೂ ಚಹಾ ತರಿಸಿದರು. ದಿನದಿನದ ವೀಕ್ಷಣೆಯ ತಾಳ್ಮೆಯನ್ನು ಪರಿಶೀಲಕರು ಹೊಗಳಿದ್ದಾರೆಂದು ಎಲ್ಲರ ಮುಂದೆ ಓದಿದರು. ಇಂಥ ದಿನಕ್ಕೆ ನಾನು ಆರು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಯಾಕೋ ಚಹಾ ರುಚಿಸಲಿಲ್ಲ, ಸಕ್ಕರೆ ಕಡಿಮೆ ಇತ್ತು.

ಆಗಸ್ಟ್ 31, ಭಾನುವಾರ

ಅಮ್ಮನ ಫೋನು. ಹೊಲಿಗೆ ಯಂತ್ರ ನಿಲ್ಲಿಸಿ ಮಾತಾಡಿದಳು, ಅಂದರೆ ಅಷ್ಟು ಖುಷಿಯಾಗಿದ್ದಳು. ನಿನ್ನ ಹೆಸರೇ ಮೊದಲಾ ಎಂದು ಮೂರು ಸಲ ಕೇಳಿದಳು. ಆಮೇಲೆ, ಅವತ್ತು ಸೀಸೆ ಉಳಿಸಿಕೊಟ್ಟ ಅಕ್ಕನ ಹೆಸರೂ ಇದೆ ತಾನೇ ಎಂದಳು. ಮಾರ್ಚಿನಲ್ಲಿ ನಾನೇ ಹೇಳಿದ್ದೆನಂತೆ, ನನಗೆ ಮರೆತುಹೋಗಿತ್ತು. ಕೊನೆಯಲ್ಲಿ ಕೃತಜ್ಞತೆ ಎಂದು ನಾಲ್ಕು ಸಾಲು ಇರುತ್ತದೆ, ಅದನ್ನಿನ್ನೂ ಬರೆದು ಕಳಿಸಬೇಕು, ಅಲ್ಲಿ ನೋಡೋಣ ಎಂದೆ.

“ಹಾಕೇ,” ಎಂದಳು ಅಮ್ಮ. “ಇಷ್ಟು ವರ್ಷ ಅಕ್ಕ, ಅಕ್ಕ ಅಂತಾನೇ ಆಯ್ತು. ಅವರ ಹೆಸರೇನು?”

ಆರು ವರ್ಷ. ಸಾವಿರ ಲೋಟ ಚಹಾ ಕುಡಿದಿದ್ದೇವೆ. ನಾಲಿಗೆಯ ಮೇಲೆ ಏನಾದರೂ ಬರುತ್ತದೆಯೇ ಎಂದು ಕಾದೆ. ಅಮ್ಮ ಹಲೋ, ಹಲೋ ಎನ್ನುತ್ತಿದ್ದಳು. ಸರಿಯಾಗಿ ಕೇಳಿಸುತ್ತಿಲ್ಲ ಎಂದು ಫೋನ್ ಇಟ್ಟುಬಿಟ್ಟೆ.